ಸಂಕೇಶ್ವರದಲ್ಲಿ ಇಳಿದುಹೋಗುತ್ತಿದ್ದ ಚಾಲ

ನನ್ನ ಎರಡೂ ಕಿವಿಗಳು ನೆಟ್ಟಗಿವೆಯೆಂದು ಕೊಲ್ಲಾಪುರದ ಡಾಕ್ಟರರು ಹೇಳಿದ ದಿನ ನಾನು ಅಳುವುದೊಂದು ಬಾಕಿ ಇತ್ತು. ಅವರು ಹಣೆಗೆ ಕನ್ನಡಿ ಕಟ್ಟಿಕೊಂಡು ಒಳಗೆಲ್ಲ ಇಣುಕಿದರು. ಕಬ್ಬಿಣದ ಕವಲುಕಡ್ಡಿಯೊಂದನ್ನು ಬಡಿದು ಹತ್ತಿರ ಹಿಡಿದರು, ದೂರ ಹಿಡಿದರು. ಬೆನ್ನ ಹಿಂದೆ ನಿಂತು ಪಿಸುಗುಟ್ಟಿದರು. ನನಗೆ ಎಲ್ಲವೂ ಕೇಳಿಸಿತು. ಹೊರಗಿನ ಬೆಂಚಿನ ಮೇಲೆ ಒಬ್ಬ ಮುದುಕಿ ತನ್ನ ಸೊಸೆಯನ್ನು ಮೆಲ್ಲಗೆ ಬೈಯುತ್ತಿದ್ದುದೂ ಕೇಳಿಸಿತು. ಮಗ್ಗಗಳ ನಡುವೆ ಇಷ್ಟು ವರ್ಷ ಕೂತು ಇಂಥ ಕಿವಿ ಉಳಿಸಿಕೊಂಡವರು ಅಪರೂಪವೆಂದು ಡಾಕ್ಟರರು ಸಂತೋಷಪಟ್ಟರು. ಮತ್ತೇನು ತೊಂದರೆ ಎಂದು ಕೇಳಿದರು. ಹೊಸ ಹಾಡು ಒಳಗೆ ಹೋಗುವುದಿಲ್ಲ ಎಂದೆ. ಅವರು ಕನ್ನಡಿಯನ್ನು ಮೇಲಕ್ಕೆ ಸರಿಸಿ ಮೊದಲ ಬಾರಿಗೆ ನನ್ನ ಮುಖ ನೋಡಿದರು. ಆ ರೋಗಕ್ಕೆ ಅವರ ಹತ್ತಿರ ಕಡ್ಡಿ ಇರಲಿಲ್ಲ.

ಕಿವುಡನಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಕಿವುಡು ಮರ್ಯಾದಸ್ಥರ ಕಾಯಿಲೆ. ಇಚಲಕರಂಜಿಯಲ್ಲಿ ಅರ್ಧ ಊರಿಗೆ ಅದು ಇದೆ. ಪಾವರ್‌ಲೂಮಿನವರು ಪಕ್ಕದಲ್ಲೇ ಕೂತ ಹೆಂಡತಿಯೊಡನೆ ನದಿಯಾಚೆಯವರೊಡನೆ ಮಾತಾಡಿದಂತೆ ಮಾತಾಡುತ್ತಾರೆ. ಕಿವುಡನೆಂದು ಡಾಕ್ಟರರ ಒಂದು ಚೀಟಿ ಸಿಕ್ಕಿದ್ದರೆ ನಾನು ನನ್ನ ಹುದ್ದೆಗೆ ರಾಜೀನಾಮೆ ಕೊಟ್ಟು ಗೌರವದಿಂದ ಹಿಂದೆ ಸರಿಯಬಹುದಿತ್ತು.

ಹುದ್ದೆಯೆಂದರೆ ದಿವಾಣಜಿಯ ಹುದ್ದೆಯಲ್ಲ. ಅದೂ ಇತ್ತು. ಇಚಲಕರಂಜಿಯ ಒಂದು ಮಗ್ಗದ ಕಾರ್ಖಾನೆಯಲ್ಲಿ ಬಂದ ನೂಲಿಗೂ ಹೋದ ಬಟ್ಟೆಗೂ ಲೆಕ್ಕ ಬರೆಯುವವನು ನಾನು. ಅಂಥವರನ್ನು ಅಲ್ಲಿ ದಿವಾಣಜಿ ಅನ್ನುತ್ತಾರೆ. ವಾರವೆಲ್ಲ ಅಲ್ಲೊಂದು ಖೋಲಿಯಲ್ಲಿದ್ದು ಸುಟ್ಟಿಯ, ಅಂದರೆ ರಜೆಯ ದಿನ ಗಡಹಿಂಗ್ಲಜದ ಮನೆಗೆ ಬರುತ್ತಿದ್ದೆ. ಇದು ಹೊಟ್ಟೆಯ ಮಾತಾಯಿತು. ನನ್ನ ನಿಜವಾದ ಹುದ್ದೆ, ಓಣಿಯವರು ನನಗೆ ನಮಸ್ಕಾರ ಮಾಡುತ್ತಿದ್ದುದು ಯಾವುದಕ್ಕೋ ಆ ಹುದ್ದೆ, ಬೇರೆಯದು. ನಮ್ಮ ಓಣಿಯ ಭಜನಿ ಮೇಳಕ್ಕೆ ಚಾಲ ತರುವವನು ನಾನು.

ನಮ್ಮ ಕಡೆ ಹಾಡಿನ ಧಾಟಿಗೆ ಚಾಲ ಅನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಬಂದು ಎಷ್ಟು ಕಾಲವಾಯಿತೆಂದರೆ ಈಗ ತಿರುಗಿ ಕೊಡಿರೆಂದು ಅವರೂ ಕೇಳುವುದಿಲ್ಲ. ಮಠದ ಪದಗಳು ಅಜ್ಜಂದಿರ ಕಾಲದವು. ಅವುಗಳ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ಆದರೆ ಪ್ರತಿ ಶ್ರಾವಣದ ಮೊದಲ ಸೋಮವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅಂಥದೊಂದು ಹಳೆಯ ಪದವನ್ನು ಆ ವರ್ಷದ ಸಿನಿಮಾ ಹಾಡಿನ ಚಾಲಿನಲ್ಲಿ ಹಾಡಬೇಕು. ಇದು ಮೇಳದ ಪದ್ಧತಿ. ತೆರೆಯ ಮೇಲೆ ನಾಯಕನು ನಾಯಕಿಗೆ ಮರ ಸುತ್ತುತ್ತ ಹೇಳಿದ್ದನ್ನು ನಾವು ಕಣ್ಣು ಮುಚ್ಚಿಕೊಂಡು ಶಿವನಿಗೆ ಹೇಳುತ್ತಿದ್ದೆವು. ಶಿವನು ಎಂದೂ ತಕರಾರು ಮಾಡಿದ್ದಿಲ್ಲ. ಮಾತು ಅದೇ ಇದ್ದರೂ ಚಾಲ ಹೊಸದಾದರೆ ಅವನು ಮತ್ತೊಮ್ಮೆ ಕಿವಿಗೊಡುತ್ತಾನೆಂಬುದು ನಮ್ಮ ಹಿರಿಯರ ನಂಬಿಕೆ. ಹೆಂಡತಿಯರ ವಿಷಯದಲ್ಲೂ ಅವರು ಇದನ್ನೇ ಪ್ರಯೋಗಿಸಿದ್ದರೋ ಏನೋ ತಿಳಿಯದು.

ಎಪ್ಪತ್ತರ ದಶಕದ ಮೊದಲಲ್ಲಿ, ನನಗೆ ಮೂವತ್ತೈದು ತುಂಬುವಾಗ, ಈ ಕೆಲಸ ನನ್ನ ಪಾಲಿಗೆ ಬಂತು. ಕಾರಣ ನನ್ನ ಕಿವಿಯೇ. ಕೊಲ್ಲಾಪುರದ ಟಾಕೀಜಿನಲ್ಲಿ ಒಂದು ಸಲ ಕೇಳಿದರೆ ಸಾಕು, ಚಾಲ ಇಡಿಯಾಗಿ ಒಳಗೆ ಬಂದು ಕೂತುಬಿಡುತ್ತಿತ್ತು. ಕಷ್ಟವಿದ್ದುದು ಅದನ್ನು ಊರಿಗೆ ಸಾಗಿಸುವುದರಲ್ಲಿ. ತುಂಬಿದ ಕೊಡವನ್ನು ಹೊತ್ತವನು ಹೇಗೆ ನಡೆಯುತ್ತಾನೋ ಹಾಗೆ ನಾನು ಟಾಕೀಜಿನಿಂದ ಎಸ್ಟಿ ಬಸ್ಸಿನ ಸ್ಟ್ಯಾಂಡಿಗೆ ನಡೆಯುತ್ತಿದ್ದೆ. ಬಾಯಿ ತೆರೆದರೆ ಚೆಲ್ಲಿಹೋದೀತೆಂದು ಬಸ್ಸಿನಲ್ಲಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಕಂಡಕ್ಟರನಿಗೆ ಬೆರಳಿನಿಂದ ನನ್ನ ಊರಿನ ದಿಕ್ಕನ್ನು ತೋರಿಸುತ್ತಿದ್ದೆ. ಕೆಲವರು ನನ್ನನ್ನು ಮೂಕನೆಂದು ತಿಳಿದು ಕೂಡಲು ಜಾಗ ಬಿಟ್ಟುಕೊಟ್ಟಿದ್ದಾರೆ. ಅವರ ಪುಣ್ಯದಲ್ಲಿ ಅರ್ಧ ಆ ಸಂಗೀತ ಕಟ್ಟಿದವರಿಗೆ ಸಲ್ಲಲಿ. ಬಸ್ಸು ಕೊಲ್ಲಾಪುರ ಬಿಟ್ಟು, ನಿಪ್ಪಾಣಿಯಲ್ಲಿ ಕರ್ನಾಟಕವನ್ನು ಹೊಕ್ಕು, ಸಂಕೇಶ್ವರದಲ್ಲಿ ಚಹಾಕ್ಕೆ ನಿಂತು, ಮತ್ತೆ ಮಹಾರಾಷ್ಟ್ರಕ್ಕೆ ಹೊರಳಿ ಗಡಹಿಂಗ್ಲಜ ಮುಟ್ಟುವವರೆಗೆ ಈ ಮೌನ. ಇಳಿದವನೇ ಮನೆಗೆ ಹೋಗದೆ ಸೀದಾ ಬೆಲ್ಲದ ಅಂಗಡಿಗೆ ಹೋಗುತ್ತಿದ್ದೆ.

ಬೆಲ್ಲದ ಅಂಗಡಿಯವರು ನಮ್ಮ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ ಬಾರಿಸುವವರು. ಓಣಿಗೆಲ್ಲ ಸಾವ್ಕಾರರು. ನನಗಿಂತ ಸ್ವಲ್ಪ ಹಿರಿಯರು, ನನಗಿಂತ ಬಹಳ ದಪ್ಪನೆಯವರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಪೇಟಿ ಇಟ್ಟಿರುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಬಂದು ನಿಂತದ್ದನ್ನು ಕಂಡರೆ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು, "ತಡೀರಿ, ಚಾಲ ಬಂದೈತಿ" ಎಂದು ಪೇಟಿ ತೆರೆಯುತ್ತಿದ್ದರು. ನಾನು ಒಂದೊಂದೇ ಸಾಲು ಹೊರಗೆ ಬಿಡುವುದು, ಅವರ ದಪ್ಪ ಬೆರಳುಗಳು ಹುಡುಕುತ್ತ, ತಪ್ಪುತ್ತ, ಸರಿಯಾದ ಸ್ವರದ ಮನೆ ಹಿಡಿಯುವುದು. ಜಗತ್ತಿನಲ್ಲಿ ನನಗೆ ಅದಕ್ಕಿಂತ ದೊಡ್ಡ ಸುಖ ಗೊತ್ತಿರಲಿಲ್ಲ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನಾಗಬೇಕಾಗಿದೆ?

ಎಸ್ಟಿ ಬಸ್ಸುಗಳಲ್ಲಿ ಡ್ರೈವರನ ತಲೆಯ ಮೇಲೆ 'ಚಾಲಕ' ಎಂದು ಬರೆದಿರುತ್ತದೆ. ಮೇಳದವರು ನನ್ನನ್ನೂ ಹಾಗೇ ಕರೆದು ನಗುತ್ತಿದ್ದರು. ನಾನು ಆ ಹಲಗೆಯ ಹಿಂದೆ ಕೂತು, ಇವನೂ ಚಾಲಕ ನಾನೂ ಚಾಲಕ ಎಂದು ಗಂಭೀರವಾಗಿ ಬೀಗುತ್ತಿದ್ದೆ. ನಮ್ಮಿಬ್ಬರಲ್ಲಿ ಒಂದು ವ್ಯತ್ಯಾಸವಿತ್ತು, ಅದು ಆಮೇಲೆ ತಿಳಿಯಿತು. ತಾನು ದಿನಾ ಅದೇ ರಸ್ತೆಯ ಮೇಲೆ ಓಡಾಡುತ್ತಿದ್ದೇನೆಂಬುದು ಅವನಿಗೆ ಗೊತ್ತಿತ್ತು.

ಆ ವರ್ಷಗಳಲ್ಲಿ ಒಂದು ಚಾಲ ತಂದೆ. ಯಾವ ಸಿನಿಮಾದ್ದೆಂದು ಹೇಳುವುದಿಲ್ಲ. ಹೇಳಿದರೆ ನೀವೂ ಹಾಡತೊಡಗುತ್ತೀರಿ, ನನ್ನ ಮಾತು ಅಲ್ಲಿಗೆ ನಿಲ್ಲುತ್ತದೆ. ಮೆಟ್ಟಿಲೇರಿದಂತೆ ಮೇಲಕ್ಕೆ ಹೋಗಿ, ತುದಿಯಲ್ಲಿ ಸ್ವಲ್ಪ ನಿಂತು, ಸೆರಗು ಸರಿಮಾಡಿಕೊಂಡು, ಯಾರೂ ನೋಡಲಿಲ್ಲವೆಂಬಂತೆ ಕೆಳಗಿಳಿದು ಬರುವ ಚಾಲ. ಅದಕ್ಕೆ ಶಿವನ ಪದ ಹಚ್ಚಿ ಹಾಡಿದ ಸಂಜೆ ಮಠದ ಕಟ್ಟೆಯ ಮೇಲೆ ನಿಲ್ಲಲು ಜಾಗವಿರಲಿಲ್ಲ. ನೇಸರಿಯಿಂದ, ಚಂದಗಡದಿಂದ ಮೇಳದವರು ಕಲಿಯಲು ಬಂದರು. ಒಂದು ಮದುವೆಯಲ್ಲಿ ಬ್ಯಾಂಡಿನವರು ಮೂಲ ಹಾಡನ್ನು ಬಾರಿಸಿದಾಗ, ಇವರು ಭಜನಿ ಪದವನ್ನು ಕೆಡಿಸುತ್ತಿದ್ದಾರೆಂದು ನಮ್ಮ ಓಣಿಯ ಅಜ್ಜಿಯರು ಜಗಳಕ್ಕೆ ಹೋದರು. ನನ್ನ ಕೀರ್ತಿ ಅಷ್ಟು ಎತ್ತರಕ್ಕೆ ಮತ್ತೆ ಏರಲಿಲ್ಲ.

ಎಂಬತ್ತರ ಸುಮಾರಿಗೆ ಹಾಡುಗಳು ಬದಲಾದವು. ಡಬ್ಬಿ ಬಡಿದಂಥ ತಾಳ, ಅದರ ಮೇಲೆ ತಂತಿ ಹರಿದಂಥ ಸದ್ದು, ನಡುನಡುವೆ ಯಾರನ್ನೋ ಚಿವುಟಿದ ಹಾಗೆ ಒಂದು ಕೂಗು. ನನ್ನ ವಯಸ್ಸಿನವರೆಲ್ಲ "ಇದೇನ್ ಗದ್ದಲರೀ" ಎಂದು ರೇಡಿಯೋದ ಕಿವಿ ಹಿಂಡುವಾಗ ನಾನು ಮಾತ್ರ ಅವರನ್ನು ಕನಿಕರದಿಂದ ನೋಡುತ್ತಿದ್ದೆ. ನಮ್ಮ ಅಪ್ಪ ತಮ್ಮ ನಲವತ್ತರಲ್ಲಿ ಇದೇ ಮಾತನ್ನು ಹೇಳಿ, ಆಮೇಲಿನ ಇಪ್ಪತ್ತು ವರ್ಷ ಒಂದೇ ಒಂದು ಹೊಸ ಹಾಡು ಕೇಳದೆ ಗೋಡೆಗೆ ಮುಖ ಮಾಡಿ ಮಲಗಿ ತೀರಿಹೋದವರು. ನಾನು ಹಾಗಾಗುವುದಿಲ್ಲವೆಂದು ಶಪಥ ಮಾಡಿದ್ದೆ. ಪ್ರತಿ ವರ್ಷ ಕೊಲ್ಲಾಪುರಕ್ಕೆ ಹೋದೆ, ಹೊಸ ಸಿನಿಮಾ ನೋಡಿದೆ, ಬಾಯಿ ಮುಚ್ಚಿಕೊಂಡು ಚಾಲ ತಂದೆ. ಮೇಳದವರು ಅದನ್ನು ಎಷ್ಟು ಬೇಗ ಕಲಿಯುತ್ತಿದ್ದರೆಂದರೆ ನನ್ನ ಕಲಿಸುವ ಶಕ್ತಿಗೆ ನಾನೇ ಬೆರಗಾಗುತ್ತಿದ್ದೆ. ಮೊದಲೆಲ್ಲ ವಾರ ಹಿಡಿಯುತ್ತಿತ್ತು. ಈಗ ಒಂದು ಬಟ್ಟಲು ಚಹಾ ಆರುವುದರೊಳಗೆ ಮುಗಿಯುತ್ತಿತ್ತು.

ಆ ಬೆರಗು ಒಂದು ಆಷಾಢದ ಮಧ್ಯಾಹ್ನ ಬೆಲ್ಲದ ಅಂಗಡಿಯಲ್ಲಿ ಸತ್ತುಹೋಯಿತು.

ಹೊಸ ಚಾಲ ತಂದಿದ್ದೆ. ಸಾವ್ಕಾರರು ಪೇಟಿ ತೆರೆದರು. ನಾನು ಮೊದಲ ಸಾಲು ಬಿಟ್ಟೆ. ಎರಡನೆಯದಕ್ಕೆ ಉಸಿರು ತೆಗೆದುಕೊಳ್ಳುವಾಗ ಕಣ್ಣು ಅವರ ಕೈಯ ಮೇಲೆ ಬಿತ್ತು. ಅವರ ಬೆರಳು ಆಗಲೇ ಮೇಲಿನ ಮನೆಗೆ ಹೋಗಿ ನನಗಾಗಿ ಕಾಯುತ್ತ ಕೂತಿತ್ತು. ನಾನು ಅಲ್ಲಿಗೆ ಹೋದೆ. ಹೋಗುವಷ್ಟರಲ್ಲಿ ಅದು ಇನ್ನೊಂದು ಮನೆ ಮುಂದಿತ್ತು. ನನಗೆ ಏನೋ ಸಂಶಯ ಬಂದು, ಸಾಲಿನ ನಡುವೆಯೇ ಬಾಯಿ ಮುಚ್ಚಿದೆ. ಬೆರಳುಗಳು ನನ್ನನ್ನು ಬಿಟ್ಟು ತಮ್ಮಷ್ಟಕ್ಕೆ ತುದಿಗೆ ಏರಿದವು, ಸ್ವಲ್ಪ ನಿಂತವು, ಸೆರಗು ಸರಿಮಾಡಿಕೊಂಡವು, ಇಳಿದುಬಂದವು.

"ಸಾವ್ಕಾರ, ನಾ ಇನ್ನೂ ಹಾಡಿಲ್ಲ," ಎಂದೆ.

"ಹಾಡ್ರಿ."

"ನೀವು ಬಾರಿಸೇ ಬಿಟ್ರಿ."

ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು, ಮನೆಯ ಮಾತನ್ನು ಬಯಲಿಗೆ ಹೇಳಿದ ಮಕ್ಕಳನ್ನು ನೋಡುವಂತೆ. "ಅಂದಾಜ ಮ್ಯಾಲ ಹ್ವಾದವ್ರಿ."

"ಅಂದಾಜ ಇಷ್ಟ ಬರೋಬ್ಬರಿ ಇರ್ತದೇನು?"

"ಕುಂದರ್ರಿ ದಿವಾಣಜಿ. ಚಹಾ ಹೇಳ್ತೀನಿ."

ಅವರು ತಾವಾಗಿ ಚಹಾ ಹೇಳಿದರೆಂದರೆ ಯಾರೋ ತೀರಿಕೊಂಡಿರಬೇಕು. ಚಹಾ ಬರುವವರೆಗೂ ಅವರು ಬೆಲ್ಲದ ಮೇಲಿನ ನೊಣ ಓಡಿಸುತ್ತಿದ್ದರು. ಆಮೇಲೆ, "ಇದು ನೀವು ಹ್ವಾದ ವರ್ಷ ತಂದದ್ದ ಐತ್ರಿ," ಎಂದರು.

"ಏನ ಮಾತಾಡ್ತೀರಿ! ಅದು ಬ್ಯಾರೆ ಸಿನಿಮಾದ್ದು."

"ಸಿನಿಮಾ ಬ್ಯಾರೇನ ಇರಬೇಕ್ರಿ. ಚಾಲ ಇದ. ಅದರ ಹಿಂದಿನ ವರ್ಷದ್ದೂ ಇದ."

"ಅದರ ಹಿಂದಿಂದು?"

"ಅದಕ್ಕ ಕಡೀಕ ಒಂದೀಟು ಎಳದಿದ್ರಿ. ತಬಲಾದವಗ ಹೊಸಾದು ಅನಸಿತ್ತು. ಎರಡನೇ ಸೋಮವಾರ ಅವಗೂ ತಿಳೀತು."

ಅದು ಯಾವ ಚಾಲ ಎಂದು ಕೇಳಬೇಕಾಗಿರಲಿಲ್ಲ, ಆ ಸೆರಗಿನದೇ. ಕೇಳಿದ್ದೆಲ್ಲವೂ ಕೊಲ್ಲಾಪುರದಲ್ಲಿ ಹೊಸದಾಗಿಯೇ ಬಸ್ಸು ಹತ್ತುತ್ತಿತ್ತು. ನಿಪ್ಪಾಣಿಯಲ್ಲಿ ಸ್ವಲ್ಪ ಮಂಕಾಗುತ್ತಿತ್ತು. ಸಂಕೇಶ್ವರದಲ್ಲಿ ಜನ ಚಹಾಕ್ಕೆ ಇಳಿಯುವಾಗ ಅದೂ ಅವರ ಜೊತೆ ಇಳಿದುಹೋಗುತ್ತಿತ್ತು. ಅದರ ಜಾಗದಲ್ಲಿ ಆ ಹಳೆಯದು, ಟವೆಲ್ ಹಾಸಿ ಜಾಗ ಹಿಡಿದಿಟ್ಟವರ ಹಕ್ಕಿನಿಂದ, ಬಂದು ಕೂಡುತ್ತಿತ್ತು. ನಾನು ಅದನ್ನೇ ಹೊಸದೆಂದು ಬಾಯಿಬಿಗಿದು ಊರಿಗೆ ತರುತ್ತಿದ್ದೆ.

"ನನಗ ಹೇಳಬಾರದೇನ್ರಿ?" ಎಂದೆ.

"ಖರೇ ಹೇಳ್ಲ್ಯಾ? ಮದಲ ನಿಮ್ಮ ಮಾರಿ ನೋಡಿ ಹೇಳಲಿಲ್ಲ. ಆಮ್ಯಾಲ ನಮ್ಮ ಸುಖಾ ನೋಡಿ ಹೇಳಲಿಲ್ಲ." ಸಾವ್ಕಾರರು ಬಟ್ಟಲಿನಲ್ಲಿ ಚಹಾ ಊದಿದರು. "ನಮಗೂ ಹೊಸಾದು ಕಲಿಯೂದು ಎಲ್ಲಿ ಆಗತಿತ್ರಿ? ಬೆರಳು ಹೊಳ್ಳೂದಿಲ್ಲ. ತಬಲಾದವ ಅಂತೂ ದೇವರಿಗೆ ಕಾಯಿ ಒಡಿಸಿದ್ದ, ದಿವಾಣಜಿ ಇದನ್ನ ತರ್ಲೆಪಾ ಅಂತ. ನಾವೆಲ್ಲಾ ಎಂದೋ ರಿಟೈರ್ ಆಗೇವ್ರಿ. ನೀವ ಒಬ್ಬರು ಇನ್ನೂ ನೌಕ್ರಿ ಮಾಡಾಕತ್ತಿದ್ರಿ."

ಮನೆಗೆ ಹೋದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

"ನಿನಗ ಗೊತ್ತಿತ್ತೇನ?"

"ಏನು, ಚಾಲಿಂದು? ಓಣ್ಯಾಗ ಎಲ್ಲಾರಿಗೂ ಗೊತ್ತೈತ್ರಿ. ಹಾಲಿನಾಕಿಗೂ ಗೊತ್ತೈತಿ."

"ನೀನರ ಹೇಳಬೇಕಿತ್ತ."

"ಬಸ್ಸ ಇಳದು ಬಾಯಿ ಮುಚಗೊಂಡು ಬರ್ತಿದ್ರಿ. ವರ್ಷಕ್ಕೊಮ್ಮೆ ಮನ್ಯಾಗ ಅಷ್ಟ ಶಾಂತಿ. ಅದನ್ನ ಯಾಕ ಕೆಡಿಸ್ಲಿ?" ಎಂದಳು. ಆಮೇಲೆ ನನ್ನ ಮುಖ ನೋಡಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಬಿಟ್ಟಬಿಡ್ರಿ. ಎಲ್ಲಾರದೂ ನಿಂತೈತಿ. ನಿಮ್ಮದೂ ನಿಂತೈತಿ. ಅದಕ್ಯಾಕ ಇಷ್ಟ ಜೀವಾ ಬಡಕೋತೀರಿ?" ಎಂದಳು.

ಅವಳು ಸಮಾಧಾನಕ್ಕೆಂದು ಹೇಳಿದ ಮಾತು ನನ್ನನ್ನು ಹೆದರಿಸಿದಷ್ಟು ಬೇರೆ ಯಾವುದೂ ಹೆದರಿಸಲಿಲ್ಲ. ನಿಂತೈತಿ. ಹಲ್ಲು ಬಿದ್ದರೆ ನಾಲಿಗೆಗೆ ಗೊತ್ತಾಗುತ್ತದೆ, ಕಣ್ಣು ಮಂಜಾದರೆ ಲೆಕ್ಕದ ಪುಸ್ತಕ ಹೇಳುತ್ತದೆ. ಇದು ಎಂದು ನಿಂತಿತು? ಯಾವ ಸೋಮವಾರ? ನಾನು ಬಾಗಿಲು ತೆರೆದಿಟ್ಟುಕೊಂಡೇ ಕೂತಿದ್ದೇನೆಂದು ನಂಬಿದ್ದೆ; ನೋಡಿದರೆ ಅದು ಗೋಡೆಯ ಮೇಲೆ ಬರೆದ ಬಾಗಿಲು. ಇನ್ನು ಮುಂದೆ ನಾನು ಏನು ಕೇಳಿದರೂ ಅದೇ ಹಾಡು. ಮಗಳು ಹೆತ್ತರೆ, ಯಾರಾದರೂ ಸತ್ತರೆ, ಊರಿಗೆ ಹೊಸ ಮನುಷ್ಯ ಬಂದರೆ, ಎಲ್ಲಕ್ಕೂ ನಾನು ಹಳೆಯ ಚಾಲನ್ನೇ ಹಚ್ಚಿ, ಓಹೋ ಹೊಸದು ಎಂದು ಖುಷಿಪಡುವವನು. ಅಪ್ಪನಾದರೂ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅದು ಗೋಡೆಯೆಂದು ಅವರಿಗೆ ಗೊತ್ತಿತ್ತು.

ಶ್ರಾವಣಕ್ಕೆ ಇನ್ನು ಕೆಲವೇ ದಿನಗಳಿದ್ದವು. ಈ ಸಲ ನಿಜವಾಗಿ ಹೊಸದೊಂದನ್ನು ತರಬೇಕು, ಒಂದೇ ಒಂದನ್ನು. ಇಲ್ಲದಿದ್ದರೆ ಪೇಟಿಯ ಮುಂದೆ ನಾನು ಕೂಡುವುದಿಲ್ಲ.

ಡಾಕ್ಟರರಲ್ಲಿಗೆ ಹೋದದ್ದು ಆಗಲೇ. ಅಲ್ಲಿಂದ ಹೊರಬಿದ್ದವನೇ ಟಾಕೀಜಿಗೆ ಹೋಗಿ, ಒಂದೇ ಸಿನಿಮಾವನ್ನು ಮ್ಯಾಟಿನಿಯಲ್ಲೂ ಅದರ ಮುಂದಿನ ಆಟದಲ್ಲೂ ಕೂತು ನೋಡಿದೆ. ಹಾಡು ಬಂದಾಗ ತೊಡೆ ಚಿವುಟಿಕೊಳ್ಳುತ್ತ ಕೇಳಿದೆ. ತೊಡೆ ಕೆಂಪಾಯಿತು. ಹಾಡು ಮುಗಿದೊಡನೆ ಗುನುಗಿ ನೋಡಿದೆ: ಮೇಲಕ್ಕೆ ಹೋಯಿತು, ನಿಂತಿತು, ಸೆರಗು ಸರಿಮಾಡಿಕೊಂಡಿತು. ಸಂಕೇಶ್ವರದವರೆಗೂ ಕಾಯಲಿಲ್ಲ. ಪಕ್ಕದವನು, "ಅಹೋ, ಹೇ ಗಾಣಂ ಜುನಂ ಆಹೇ," ಇದು ಹಳೆಯ ಹಾಡು ಎಂದು ತಿಳಿಹೇಳಿದ. ಊರೂರಿಗೆ ನನ್ನ ಸುದ್ದಿ ಮುಟ್ಟಿದೆಯೆಂದುಕೊಂಡೆ.

ಕ್ಯಾಸೆಟ್ಟಿನ ಅಂಗಡಿಗೆ ಹೋದೆ. ಮೊದಲು ಅದು ರೆಕಾರ್ಡಿನ ಅಂಗಡಿಯಾಗಿತ್ತು. ಮಾಲಕ ನನ್ನ ಹಳೆಯ ಪರಿಚಯದವನು, ತಾನು ಬೋಳಾಗಿ ಅಂಗಡಿಯನ್ನು ಮಾತ್ರ ಹೊಸದಾಗಿಸಿಕೊಂಡಿದ್ದ. ಎಲ್ಲಕ್ಕಿಂತ ಹೊಸದನ್ನು ಕೊಡು ಎಂದೆ. ಹಾಕಿದ. ಇದು ಬೇಡ, ಇದರಲ್ಲಿ ಚಾಲ ಎಲ್ಲಿದೆ ಎಂದೆ. ಇನ್ನೊಂದು ಹಾಕಿದ. ಇದರಲ್ಲಿ ತಾಳವೇ ಎದ್ದು ಕುಣಿಯುತ್ತದೆ ಎಂದೆ. ಅವನು ಕೌಂಟರಿನ ಮೇಲೆ ಮೊಳಕೈ ಊರಿ, "ದಿವಾಣಜಿ, ಗಾಣೀ ಪಾಹಿಜೇತ ಕಾ ಗಾರ್‍ಹಾಣೀ?" ಎಂದ. ಹಾಡು ಬೇಕೋ ತಕರಾರು ಬೇಕೋ ಎಂದು. ಮರಾಠಿಯಲ್ಲಿ ಎರಡೂ ಎಷ್ಟು ಹತ್ತಿರದ ಮಾತುಗಳೆಂದು ನನಗೆ ಅಂದೇ ಹೊಳೆದದ್ದು. ಮೊದಲನೆಯ ಕ್ಯಾಸೆಟ್ಟನ್ನೇ ಕಟ್ಟಿಸಿಕೊಂಡು ಇಚಲಕರಂಜಿಗೆ ಹೊರಟೆ.

ಹಾತಕಣಂಗಲೆಯ ರೈಲ್ವೆ ಗೇಟಿನಲ್ಲಿ ಬಸ್ಸು ನಿಂತಾಗ ಕಿಡಕಿಗೆ ತಲೆಯಾನಿಸಿ, ದೇವರೇ, ಒಂದು ಸಾಲು ಎಂದು ಬೇಡಿಕೊಂಡೆ. ಇಷ್ಟು ವರ್ಷ ಅವನಿಗೆ ಹಾಡಿದ್ದೆನಲ್ಲ, ಏನನ್ನೂ ಕೇಳಿರಲಿಲ್ಲ.

ಕಾರ್ಖಾನೆಯ ಮಾಲಕರ ಮನೆಯ ಟೇಪ್ ರೆಕಾರ್ಡರನ್ನು ಹೇಗೋ ಕೇಳಿ ಖೋಲಿಗೆ ತಂದೆ. ಆದರೆ ನನ್ನ ಖೋಲಿಯ ಗೋಡೆಯಾಚೆ ಮಗ್ಗಗಳು. ಮಗ್ಗ ಸುಮ್ಮನೆ ಸದ್ದು ಮಾಡುತ್ತದೆಂದು ಹೊರಗಿನವರು ತಿಳಿದಿರುತ್ತಾರೆ. ಅದು ನಾವು ಕೊಟ್ಟದ್ದನ್ನು ಹಾಡುತ್ತದೆ. ಎಷ್ಟೋ ವರ್ಷಗಳ ಹಿಂದೆ, ಆ ದೊಡ್ಡ ಚಾಲ ತಂದ ಖುಷಿಯಲ್ಲಿ, ಲೆಕ್ಕ ಬರೆಯುತ್ತ ನಾನು ಅದನ್ನು ಮಗ್ಗದ ಖಟಾಖಟಕ್ಕೆ ಕೂಡಿಸಿ ಕಲಿಸಿಬಿಟ್ಟಿದ್ದೆ. ಅಂದಿನಿಂದ ಅವು ಅದನ್ನು ನಿಲ್ಲಿಸಿಯೇ ಇಲ್ಲ. ಎರಡೂ ಪಾಳಿ, ಎಲ್ಲ ಮಗ್ಗಗಳೂ, ಮೇಲೆ ಹೋಗಿ, ನಿಂತು, ಇಳಿದು. ಟೇಪು ಹಾಕಿದರೆ ಕ್ಯಾಸೆಟ್ಟಿನ ಹಾಡು ಐದು ನಿಮಿಷ ಒದ್ದಾಡಿ ಅವುಗಳ ಜೊತೆ ಸೇರಿಕೊಳ್ಳುತ್ತಿತ್ತು. ಆ ಖೋಲಿಯಲ್ಲಿ ತಲೆಗೆ ಚಾದರ ಹೊದ್ದು, ಟೇಪನ್ನು ಕೂಸಿನಂತೆ ಮಗ್ಗುಲಲ್ಲಿ ಅವಚಿಕೊಂಡು ಕೂತ ನನ್ನನ್ನು ಯಾರೂ ನೋಡಲಿಲ್ಲವೆಂಬುದೊಂದೇ ಆ ವಾರದ ಲಾಭ.

ಸೋಮವಾರ ಹತ್ತಿರ ಬಂತು. ನಡುವೆ ಒಂದು ದಿನ ಕರೆಂಟು ಹೋಯಿತು. ಊರಿನ ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತವು. ಇಚಲಕರಂಜಿಯಲ್ಲಿ ಇಂಥ ಹೊತ್ತಿನಲ್ಲಿ ಜನ ಬೀದಿಗೆ ಬಂದು ಒಬ್ಬರನ್ನೊಬ್ಬರು ನೋಡಿ ಸುಮ್ಮನೆ ನಗುತ್ತಾರೆ. ಏನು ಮಾತಾಡಬೇಕೋ ತಿಳಿಯುವುದಿಲ್ಲ. ನಾನು ಓಡಿಹೋಗಿ ಟೇಪಿಗೆ ಬ್ಯಾಟರಿ ಶೆಲ್ಲು ಹಾಕಿದೆ. ಹೊಸವನ್ನು ತರಲು ಪುರುಸೊತ್ತಿರಲಿಲ್ಲ. ಟಾರ್ಚಿನಲ್ಲಿದ್ದವನ್ನೇ ತೆಗೆದು ತುಂಬಿದೆ.

ಮೊದಲು ಎಂದಿನಂತೆ ಓಡಿತು. ತಿರುಗಿಸಿ ಹಾಕಿದೆ, ಮತ್ತೆ ತಿರುಗಿಸಿ ಹಾಕಿದೆ. ಟಾರ್ಚಿನ ಶೆಲ್ಲುಗಳು ಆಗಲೇ ಅರ್ಧ ಸತ್ತಿದ್ದವು. ಹಾಡು ನಿಧಾನವಾಗತೊಡಗಿತು. ಹಾಡುವವನ ದನಿ ಗಡುಸಾಯಿತು, ಆಮೇಲೆ ಮುದುಕನದಾಯಿತು. ತಾಳ ಒಂದೊಂದೇ ಹೆಜ್ಜೆ ಊರಿ ನಡೆಯತೊಡಗಿತು. ಕುಣಿಯುತ್ತಿದ್ದ ಹಾಡು ನನ್ನ ವಯಸ್ಸಿಗೆ ಬಂದು, ಅದನ್ನೂ ದಾಟಿ, ಕೋಲೂರಿಕೊಂಡು ನನ್ನ ಮುಂದೆ ಹಾಯುವಾಗ ನಾನು ಅದರ ಮುಖವನ್ನು ಕಂಡೆ.

ಅದು ಮೇಲೆ ಹೋಗುವುದಿಲ್ಲ! ಮೊದಲನೆಯ ಮೆಟ್ಟಿಲ ಮೇಲೆಯೇ ಗಕ್ಕನೆ ನಿಲ್ಲುತ್ತದೆ. ನಿಂತು, ಏರುವುದನ್ನು ಬಿಟ್ಟು, ಪಕ್ಕಕ್ಕೆ ಜಿಗಿಯುತ್ತದೆ, ನಮ್ಮ ಪೇಟಿಯಲ್ಲಿ ಯಾರೂ ಬೆರಳಿಡದ ಒಂದು ಕಪ್ಪು ಮನೆಗೆ. ಇಂಥ ಕಡೆಯೂ ಹೋಗಬಹುದೆಂದು ನನಗೆ ನಲವತ್ತೆಂಟು ವರ್ಷ ಯಾರೂ ಹೇಳಿರಲಿಲ್ಲ. ನಾನು ಗುನುಗಿದೆ. ನಿಂತೆ, ಜಿಗಿದೆ. ಮತ್ತೊಮ್ಮೆ. ಕಣ್ಣಲ್ಲಿ ನೀರು ಬಂತು. ಡಾಕ್ಟರರ ಮುಂದೆ ಬಾಕಿ ಉಳಿದಿದ್ದ ನೀರು ಅದೇ ಇರಬೇಕು. ಮುಂದಿನ ಸಾಲಿಗಾಗಿ ಕಿವಿ ಚಾಚಿದೆ. ಟೇಪು ಒಂದು ಸಲ ನರಳಿತು. ಕರಕರ ಎಂದಿತು. ತೆರೆದು ನೋಡಿದರೆ ಕಂದು ಪಟ್ಟಿ ಗಾಲಿಗಳಿಗೆಲ್ಲ ಸುತ್ತಿಕೊಂಡು ಕರುಳಿನ ಹಾಗೆ ಹೊರಗೆ ಬಂತು.

ನನ್ನ ಪಾಲಿಗೆ ಒಂದು ಸಾಲು ಬಂತು. ಬೇಡಿಕೊಂಡದ್ದೂ ಅಷ್ಟೇ. ದೇವರು ಲೆಕ್ಕದಲ್ಲಿ ನನಗಿಂತ ಕಟ್ಟುನಿಟ್ಟು.

ಸೋಮವಾರ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಮಳೆ ಬಿದ್ದು ದಾರಿಯ ಹಳ್ಳಗಳಿಗೆಲ್ಲ ನೀರು ಬಂದಿತ್ತು. ಬಸ್ಸು ನಿಂತು ನಿಂತು ಹೋಗುತ್ತಿತ್ತು. ನಿಪ್ಪಾಣಿಯಲ್ಲಿ ಒಳಗೆ ಮುಟ್ಟಿ ನೋಡಿಕೊಂಡೆ, ಇತ್ತು. ಸಂಕೇಶ್ವರದಲ್ಲಿ ಎಲ್ಲರೂ ಚಹಾಕ್ಕೆ ಇಳಿದರು. ನಾನು ಎರಡೂ ಕೈಯಿಂದ ಮುಂದಿನ ಸೀಟಿನ ಸರಳು ಹಿಡಿದು ಕೂತೆ. ಶೇಂಗಾ ಮಾರುವವನು ಕಿಡಕಿಯಲ್ಲಿ ಕೂಗಿದ, ನಾನು ತಲೆಯಲ್ಲಾಡಿಸಿದೆ. ಬಸ್ಸು ಹೊರಟಿತು. ಇನ್ನೂ ಇತ್ತು.

ಗಡಹಿಂಗ್ಲಜ ಮುಟ್ಟುವಾಗ ಸಂಜೆಯಾಗಿತ್ತು. ಬೆಲ್ಲದ ಅಂಗಡಿಯ ಬಾಗಿಲು ಹಾಕಿತ್ತು. ಮೇಳದವರೆಲ್ಲ ಆಗಲೇ ಮಠದಲ್ಲಿ ಕೂತಿದ್ದರು. ಕಲಿಸಲು ವೇಳೆ ಇರಲಿಲ್ಲ. ಒದ್ದೆ ಧೋತರದಲ್ಲೇ ಹೋಗಿ ಪೇಟಿಯ ಮುಂದೆ ಕೂತೆ. ಹೆಂಗಸರ ಸಾಲಿನಲ್ಲಿ ಹೆಂಡತಿ ಇದ್ದಳು. ನನ್ನ ಮುಚ್ಚಿದ ಬಾಯಿ ಕಂಡು ಹಣೆ ಗಟ್ಟಿಸಿಕೊಂಡಳು.

"ತಂದೀರೇನ್ರಿ?" ಎಂದರು ಸಾವ್ಕಾರರು, ಅದೇ ಕನಿಕರದಿಂದ. ಬೆರಳುಗಳನ್ನು ಎಂದಿನ ಮನೆಗಳ ಮೇಲೆ ಇಟ್ಟುಕೊಂಡರು.

ನಾನು ಬಾಯಿ ತೆರೆದೆ. ಶೆಲ್ಲು ಸಾಯುವಾಗ ಕಲಿತದ್ದಲ್ಲವೇ, ಅದೇ ಗತಿಯಲ್ಲಿ, ಅದೇ ಮುದುಕನ ದನಿಯಲ್ಲಿ, ಶಿವನ ಪದದ ಮೊದಲ ಸಾಲು ಹೊರಗೆ ಬಂತು. ಒಂದು ಮೆಟ್ಟಿಲು. ಗಕ್ಕನೆ ನಿಂತೆ. ಪಕ್ಕಕ್ಕೆ ಜಿಗಿದೆ.

ಮೇಳವೆಲ್ಲ ಒಕ್ಕೊರಲಿನಿಂದ ಹಿಂದೆ ಹಾಡಿತು. ಮೇಲೆ ಹೋಯಿತು, ನಿಂತಿತು, ಸೆರಗು ಸರಿಮಾಡಿಕೊಂಡು ಇಳಿಯಿತು.

ನಾನು ಮತ್ತೆ ಹಾಡಿದೆ. ಅವರು ಮತ್ತೆ ಹಳೆಯದನ್ನೇ ಹಾಡಿದರು. ತಪ್ಪು ಅವರದಲ್ಲ. ಇಷ್ಟು ವರ್ಷ ಅದನ್ನೇ ಕಲಿಸಿದವನು ನಾನೇ. ನನ್ನ ಕಲಿಸುವ ಶಕ್ತಿಯ ಬಗ್ಗೆ ಮೇಲೆ ಹೇಳಿದ್ದೇನೆ. ತಬಲಾದವನು ನನ್ನತ್ತ ಬಾಗಿ, "ದಿವಾಣಜಿ, ತಪ್ಪಾಕತ್ತೀರಿ," ಎಂದ. ಕಟ್ಟೆಯ ಮೇಲೆ ಯಾರೋ "ಅಯ್ಯೋ ಪಾಪ," ಎಂದರು. ಅವರ ಪಾಲಿಗೆ ನಾನು ಕೊನೆಗೂ ಕಿವುಡನಾಗಿದ್ದೆ. ಬೇಕಿದ್ದಾಗ ಸಿಗದ ಚೀಟಿ ಈಗ ಊರವರೇ ಬರೆದುಕೊಡುತ್ತಿದ್ದರು.

ಮೂರನೆಯ ಸಲ ಒಬ್ಬನೇ ಹಾಡಿದೆ. ಒಂದು ಮೆಟ್ಟಿಲು. ನಿಂತೆ. ಸಾವ್ಕಾರರ ಬೆರಳು ವಾಡಿಕೆಯಂತೆ ಮೇಲಿನ ಮನೆಗೆ ಹೋಯಿತು. ಅಲ್ಲಿ ನಾನಿರಲಿಲ್ಲ. ಬೆರಳು ಗಾಳಿಯಲ್ಲಿ ನಿಂತಿತು. ಅದು ಅತ್ತ ನೋಡಿತು, ಇತ್ತ ನೋಡಿತು, ಎಷ್ಟೋ ವರ್ಷಗಳ ಮೇಲೆ ಹುಡುಕಿತು. ನಾನು ಜಿಗಿದ ಕಪ್ಪು ಮನೆಯ ಪಕ್ಕದಲ್ಲಿ ಬಿತ್ತು, ಎದ್ದಿತು, ಮನೆ ಹಿಡಿಯಿತು.

ಸಾವ್ಕಾರರು ತಲೆಯೆತ್ತಿ ನನ್ನನ್ನು ನೋಡಿದರು. ಅವರ ಹಣೆಯ ಮೇಲೆ ಬೆವರು ಬಂದಿತ್ತು.

"ಮುಂದ?" ಎಂದರು.

ಮುಂದಿನದು ಮಾಲಕರ ಟೇಪಿನ ಹೊಟ್ಟೆಯಲ್ಲಿತ್ತು. ನಾನು ಆ ಒಂದೇ ಸಾಲನ್ನು ಮತ್ತೊಮ್ಮೆ ಹಾಡಿದೆ. ಮುಂದಿನ ಮನೆಗಾಗಿ ಅವರು ಎತ್ತಿ ಹಿಡಿದ ಬೆರಳು ಹಾಗೇ ಇತ್ತು.